ಎರಡು ವರ್ಷದ ಕೂಸು ನಡೆಯುವುದನ್ನೇ ಬಿಟ್ಟಿದೆ: ಬೆನ್ನುಮೂಳೆಯ ಸೋಂಕು ಇರಬಹುದಾ?

ಸಿಂಧನೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಎರಡು ವರ್ಷ. ಮನೆ ತುಂಬ ಓಡಾಡಿಕೊಂಡಿದ್ದವಳು ಕಳೆದ ವಾರದಿಂದ ಕಾಲೂರುತ್ತಿಲ್ಲ. ನಿಲ್ಲಿಸಿದರೆ ಕಾಲು ಮಡಚಿಕೊಳ್ಳುತ್ತಾಳೆ. ಕೂರಿಸಿದರೆ ಎರಡೂ ಕೈ ನೆಲಕ್ಕೆ ಊರಿ, ಬೆನ್ನು ಸೆಟೆದುಕೊಂಡು ಅಳುತ್ತಾಳೆ. ಮಲಗಿಸಿದರೆ ಸುಮ್ಮನಾಗುತ್ತಾಳೆ. ಚಡ್ಡಿ ಬದಲಿಸಲು ಕಾಲು ಎತ್ತಿದರೆ ಚೀರುತ್ತಾಳೆ. ಬಿದ್ದಿಲ್ಲ, ಪೆಟ್ಟಾಗಿಲ್ಲ. ಮೊದಲು ಸ್ವಲ್ಪ ಮೈ ಬೆಚ್ಚಗಿತ್ತು, ಆಮೇಲೆ ಅದೂ ಇಲ್ಲ.

ಇಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಸೊಂಟದ ಎಕ್ಸ್‌ರೇ ತೆಗೆಸಿದೆವು. ನಾರ್ಮಲ್ ಬಂತು. ಉಳುಕು ಅಂತ ಹೇಳಿ ನೋವಿನ ಸಿರಪ್ ಕೊಟ್ಟರು. ಸಿರಪ್ ಕುಡಿದರೆ ಎರಡು ತಾಸು ಆರಾಮ, ಮತ್ತೆ ಅದೇ ಅಳು. ಅತ್ತೆ ಪಕ್ಕದ ಊರಿನಲ್ಲಿ ಎಣ್ಣೆ ಹಚ್ಚಿ ಉಳುಕು ತೆಗೆಯುವವರ ಹತ್ತಿರ ಹೋಗೋಣ ಅನ್ನುತ್ತಿದ್ದಾರೆ. ಮೆಡಿಕಲ್ ಶಾಪ್‌ನಲ್ಲಿರುವ ನನ್ನ ಅಣ್ಣ ಮಾತ್ರ, ಬೆನ್ನುಮೂಳೆಗೆ ಸೋಂಕು ಆದರೂ ಚಿಕ್ಕ ಮಕ್ಕಳು ಹೀಗೇ ಮಾಡುತ್ತವೆ, ತಡಮಾಡಬೇಡ ಅಂದ. ಇದು ನಿಜಾನಾ? ಎಲ್ಲಿಗೆ ಹೋಗಬೇಕು, ಯಾವ ಟೆಸ್ಟ್ ಕೇಳಬೇಕು? ಗೊತ್ತಿದ್ದವರು ಹೇಳಿ.

ಗಂಗಾವತಿ ಅಪ್ಪ

ಅಕ್ಕ, ಮೊದಲನೇ ಮಾತು: ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ನನ್ನ ಮಗನಿಗೂ ಒಂದೂವರೆ ವರ್ಷದಲ್ಲಿ ಥೇಟ್ ಹೀಗೇ ಆಗಿತ್ತು. ನಾವೂ ಕಾಲಿನ ತೊಂದರೆ ಅಂದುಕೊಂಡು ಕಾಲಿನ ಎಕ್ಸ್‌ರೇ, ಮಂಡಿಯ ಎಕ್ಸ್‌ರೇ ಅಂತ ಓಡಾಡಿದೆವು. ಕೊನೆಗೆ ತೊಂದರೆ ಇದ್ದದ್ದು ಸೊಂಟದ ಮೇಲೆ, ಬೆನ್ನುಮೂಳೆಯ ಡಿಸ್ಕ್‌ನಲ್ಲಿ. ಆ ಸೋಂಕಿಗೆ ಡಿಸ್ಕೈಟಿಸ್ ಅಂತಾರೆ. ಈಗ ಶಾಲೆಗೆ ಹೋಗುತ್ತಿದ್ದಾನೆ, ಮರ ಹತ್ತುತ್ತಾನೆ. ಧೈರ್ಯವಾಗಿರಿ. ಆದರೆ ಇವತ್ತೇ ಹೊರಡಿ.

ಮಕ್ಕಳ ವೈದ್ಯೆ, ಬಳ್ಳಾರಿ

ಸಿಂಧನೂರಿನ ತಾಯಿ, ಕೂಸನ್ನು ನೋಡದೆ ಇಲ್ಲಿಂದ ಕಾಯಿಲೆ ಹೇಳುವುದಕ್ಕೆ ಬರುವುದಿಲ್ಲ. ಆದರೆ ನೀವು ಬರೆದಿರುವುದು ಉಳುಕಿನ ಕಥೆಯಂತೆ ಕಾಣುತ್ತಿಲ್ಲ. ಬೀಳದೆ, ಪೆಟ್ಟಾಗದೆ ಈ ವಯಸ್ಸಿನ ಮಗು ನಡೆಯುವುದನ್ನು, ಕೂರುವುದನ್ನು ಬಿಟ್ಟರೆ ಬೆನ್ನನ್ನು ನೋಡಲೇಬೇಕು. ಎರಡು ವರ್ಷದ ಮಗುವಿಗೆ "ಬೆನ್ನು ನೋಯುತ್ತಿದೆ" ಅಂತ ಹೇಳಲು ಬರುವುದಿಲ್ಲ. ಅದು ನಡೆಯುವುದಿಲ್ಲ ಅನ್ನುತ್ತದೆ, ಎತ್ತಿಕೋ ಅನ್ನುತ್ತದೆ, ಕೆಲವೊಮ್ಮೆ ಹೊಟ್ಟೆ ತೋರಿಸುತ್ತದೆ. ಜ್ವರ ಇರಲೇಬೇಕು ಅಂತೇನೂ ಇಲ್ಲ.

ಈಗಲೇ ನೋಡಿ ಇಲ್ಲಿ ಬರೆಯಿರಿ. ಮಲಗಿರುವಾಗ ಎರಡೂ ಕಾಲು ಸಮನಾಗಿ ಒದೆಯುತ್ತಾಳಾ? ಅಂಗಾಲಿಗೆ ಕಚಗುಳಿ ಇಟ್ಟರೆ ಎಳೆದುಕೊಳ್ಳುತ್ತಾಳಾ? ಉಚ್ಚೆ ಎಂದಿನಂತೆ ಹೋಗುತ್ತಿದೆಯಾ, ಇಲ್ಲ ಹನಿಹನಿ ಸೋರುತ್ತಿದೆಯಾ? ಕೆಳಹೊಟ್ಟೆ ಉಬ್ಬಿದೆಯಾ? ಬೆನ್ನ ನಡುವೆ ಎಲ್ಲಾದರೂ ಉಬ್ಬು ಎದ್ದಿದೆಯಾ? ಕುತ್ತಿಗೆಯಿಂದ ಕುಂಡಿಯ ಸೀಳಿನವರೆಗೆ ಚರ್ಮದಲ್ಲಿ ಸಣ್ಣ ತೂತು, ಕೂದಲ ಗುಚ್ಛ, ಕೆಂಪು ಮಚ್ಚೆ ಇದೆಯಾ? ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿತ್ತಾ?

ಕಾಲಿನಲ್ಲಿ ಬಲ ಕಡಿಮೆ ಆಗಿದ್ದರೆ ಅಥವಾ ಉಚ್ಚೆ ಕಟ್ಟಿದ್ದರೆ ನನ್ನ ಉತ್ತರಕ್ಕೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಹೊರಡಿ. ನೋವಿಗೆ ನಡೆಯದಿರುವುದು ಬೇರೆ, ಬಲವಿಲ್ಲದೆ ನಡೆಯದಿರುವುದು ಬೇರೆ. ಎರಡನೆಯದಾದರೆ ಬೆನ್ನುಹುರಿಯ ಮೇಲೆ ಕೀವು ಒತ್ತುತ್ತಿರಬಹುದು. ಅಲ್ಲಿ ಒಂದೊಂದು ತಾಸೂ ಲೆಕ್ಕಕ್ಕೆ ಬರುತ್ತದೆ.

ಸಿಂಧನೂರಿನ ಅಮ್ಮ

ಮೇಡಂ, ಈಗಷ್ಟೇ ನೋಡಿದೆ. ಎರಡೂ ಕಾಲು ಒದೆಯುತ್ತಾಳೆ. ಕಚಗುಳಿ ಇಟ್ಟರೆ ಎಳೆದುಕೊಂಡಳು. ಉಚ್ಚೆ ಸರಿಯಾಗಿದೆ. ಬೆನ್ನಲ್ಲಿ ಉಬ್ಬು, ತೂತು ಯಾವುದೂ ಇಲ್ಲ. ಆದರೆ ನಮ್ಮ ಮಾವನವರು ಹೋದ ವರ್ಷ ಕ್ಷಯದ ಮಾತ್ರೆ ತಗೊಂಡಿದ್ದಾರೆ. ಪೂರ್ತಿ ಮುಗಿಸಿದ್ದಾರೆ. ಮಗಳು ಅವರ ಮಡಿಲಲ್ಲೇ ಬೆಳೆದವಳು. ಇದನ್ನು ಓದಿ ಕೈಕಾಲು ನಡುಗುತ್ತಿದೆ.

ಮಕ್ಕಳ ವೈದ್ಯೆ, ಬಳ್ಳಾರಿ

ಹೆದರಬೇಡಿ ತಾಯಿ. ಕಾಲಿನಲ್ಲಿ ಬಲ ಇದೆ, ಉಚ್ಚೆ ಸರಿ ಇದೆ, ಇವೆರಡೂ ಒಳ್ಳೆಯ ಸುದ್ದಿ. ಮಾವನವರ ವಿಷಯವನ್ನು ಆಸ್ಪತ್ರೆಯಲ್ಲಿ ಮರೆಯದೆ ಹೇಳಿ. ಅವರ ಚಿಕಿತ್ಸೆಯ ಚೀಟಿಯನ್ನೂ ಜೊತೆಗೆ ಒಯ್ಯಿರಿ.

ಈಗ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇರೆ ತಂದೆತಾಯಿಗಳಿಗೂ ಬೇಕಾಗುತ್ತದೆ. "ಬೆನ್ನಿಗೆ ಸೋಂಕು" ಅಂತ ಒಂದೇ ಮಾತಿನಲ್ಲಿ ಹೇಳಿದರೂ ಅದು ಎಲ್ಲಿ ಕೂತಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಚಿಕ್ಕ ಮಕ್ಕಳಲ್ಲಿ ಮುಖ್ಯವಾಗಿ ನೋಡುವುದು ಡಿಸ್ಕ್, ಅಂದರೆ ಎರಡು ಬೆನ್ನುಮಣಿಗಳ ನಡುವೆ ಮೆತ್ತೆಯಂತೆ ಇರುವ ಭಾಗ. ಈ ವಯಸ್ಸಿನಲ್ಲಿ ಡಿಸ್ಕ್‌ನ ಅಂಚಿನವರೆಗೂ ಸಣ್ಣ ರಕ್ತನಾಳಗಳಿರುತ್ತವೆ. ರಕ್ತದಲ್ಲಿ ಬಂದ ಬ್ಯಾಕ್ಟೀರಿಯಾ ಅಲ್ಲಿ ನೆಲೆ ಮಾಡಿಕೊಳ್ಳುತ್ತದೆ. ಹೆಚ್ಚಾಗಿ ಸೊಂಟದ ಭಾಗದಲ್ಲೇ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಬೆನ್ನುಮಣಿಯ ಎಲುಬಿಗೇ ಸೋಂಕು ಆಗುವುದು ಜಾಸ್ತಿ. ಆಗ ಜ್ವರವೂ ಜೋರಾಗಿರುತ್ತದೆ. ಮೂರನೆಯದು ಬೆನ್ನುಹುರಿಯ ಹೊದಿಕೆಯ ಹೊರಗೆ ಕೀವು ಕಟ್ಟುವುದು, ಎಪಿಡ್ಯೂರಲ್ ಆಬ್ಸೆಸ್. ನಾಲ್ಕನೆಯದು ಬೆನ್ನುಹುರಿಯ ಒಳಗೇ ಕೀವು. ಇದು ತುಂಬಾ ಅಪರೂಪ. ಕೊನೆಯ ಎರಡರಲ್ಲಿ ಕೈಕಾಲಿನ ಬಲ ಹೋಗುವ ಭಯ ಇದೆ. ಮೊದಲನೆಯದು ಬೇಗ ಗೊತ್ತಾದರೆ ಸಾಮಾನ್ಯವಾಗಿ ಪೂರ್ತಿ ವಾಸಿಯಾಗುತ್ತದೆ.

ಎಕ್ಸ್‌ರೇ ನಾರ್ಮಲ್ ಇದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಡಿಸ್ಕ್ ಸೋಂಕಿನಲ್ಲಿ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಡಿಸ್ಕ್‌ನ ಜಾಗ ಕಿರಿದಾದ ಮೇಲಷ್ಟೇ ಅದು ಕಾಣುವುದು. ಮೈಯಲ್ಲಿ ಸೋಂಕು, ಉರಿಯೂತ ಇದೆಯಾ ಅಂತ ಸುಳಿವು ಕೊಡುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಕೇಳಿ. ಬಿಳಿ ರಕ್ತಕಣಗಳ ಎಣಿಕೆ ಸರಿಯಿದ್ದರೂ ಇಎಸ್‌ಆರ್ ಏರಿರುವುದನ್ನು ಎಷ್ಟೋ ಮಕ್ಕಳಲ್ಲಿ ನೋಡುತ್ತೇವೆ. ಅದರ ಜೊತೆ ರಕ್ತದ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ ಆಗಬೇಕು. ಕಲ್ಚರ್‌ಗೆ ರಕ್ತ ತೆಗೆಯುವ ಮೊದಲು ಊರಲ್ಲಿ ಯಾರೋ ಒಂದು ಆಂಟಿಬಯಾಟಿಕ್ ಇಂಜೆಕ್ಷನ್ ಚುಚ್ಚಿಬಿಟ್ಟರೆ ರೋಗಾಣು ಸಿಗುವುದೇ ಕಷ್ಟ. ಕೊನೆಗೆ ಖಚಿತವಾಗಿ ಹೇಳುವುದು ಎಂಆರ್‌ಐ.

ನಿಮಗೆ ರಾಯಚೂರು, ಬಳ್ಳಾರಿ ಎರಡೂ ಹೆಚ್ಚು ಕಡಿಮೆ ಒಂದೇ ದೂರ. ರಾಯಚೂರಿನ ರಿಮ್ಸ್ ಆಸ್ಪತ್ರೆ ಆಗಲಿ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಮೊದಲಿನ ವಿಮ್ಸ್) ಆಗಲಿ, ಮಕ್ಕಳ ವಿಭಾಗ ಮತ್ತು ಮೂಳೆ ವಿಭಾಗ ಎರಡೂ ಒಂದೇ ಆವರಣದಲ್ಲಿರುವ ಕಡೆ ಹೋಗಿ. ಸಣ್ಣ ಮಗುವಿಗೆ ಅರಿವಳಿಕೆ ಕೊಟ್ಟು ಎಂಆರ್‌ಐ ಮಾಡುವ ವ್ಯವಸ್ಥೆ ಇವತ್ತು ಇದೆಯಾ ಅಂತ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ.

ಹಳ್ಳಿ ಮೇಷ್ಟ್ರು, ಲಿಂಗಸುಗೂರು

ವೈದ್ಯರ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ನಮ್ಮ ಊರಲ್ಲಿ ಎಷ್ಟೋ ಮಕ್ಕಳು ಕುಂಟಿದ್ದನ್ನು ನೋಡಿದ್ದೇನೆ. ಅಜ್ಜಿಯರು ಎಣ್ಣೆ ಹಚ್ಚಿ, ಬಿಸಿನೀರು ಹಾಕಿದರೆ ನಾಲ್ಕು ದಿನಕ್ಕೆ ಎದ್ದು ಓಡುತ್ತವೆ. ಕುಂಟಿದ ಮಗುವಿಗೆಲ್ಲ ಎಂಆರ್‌ಐ ಅಂದರೆ ಕೂಲಿ ಮಾಡುವವರು ಎಲ್ಲಿಂದ ತರಬೇಕು? ಒಂದು ದಿನದ ಕೂಲಿ ಬಿಟ್ಟು ಪಟ್ಟಣಕ್ಕೆ ಬರುವುದೇ ಅವರಿಗೆ ಕಷ್ಟ.

ಮಕ್ಕಳ ವೈದ್ಯೆ, ಬಳ್ಳಾರಿ

ಮೇಷ್ಟ್ರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನೀವು ನೋಡಿದ್ದೂ ಸುಳ್ಳಲ್ಲ. ನೆಗಡಿ ಜ್ವರ ಬಂದು ಹೋದ ಮೇಲೆ ಸೊಂಟದ ಕೀಲಿನಲ್ಲಿ ನೀರು ತುಂಬಿ ಮಕ್ಕಳು ಕುಂಟುವುದು ತುಂಬಾ ಸಾಮಾನ್ಯ. ಅದು ಕೆಲವು ದಿನದಲ್ಲಿ ತಾನಾಗಿ ಇಳಿಯುತ್ತದೆ. ಎಣ್ಣೆ ಹಚ್ಚಿದರೂ ಇಳಿಯುತ್ತದೆ, ಹಚ್ಚದಿದ್ದರೂ ಇಳಿಯುತ್ತದೆ. ಅಂಥ ಮಕ್ಕಳಿಗೆ ಎಂಆರ್‌ಐ ಬೇಡ.

ಬೇಕಾಗುವುದು ಬೇರೆ ಮಕ್ಕಳಿಗೆ. ದಿನ ಕಳೆದಂತೆ ಇಳಿಯುವ ಬದಲು ಹೆಚ್ಚುತ್ತಿರುವ ನೋವು. ರಾತ್ರಿ ನಿದ್ದೆಯಿಂದ ಎದ್ದು ಅಳುವುದು. ಕೂತಾಗ ನೋವು, ಮಲಗಿದಾಗ ಆರಾಮ. ಬಗ್ಗಲು ಒಪ್ಪದ ಬೆನ್ನು. ನೆಲದ ಮೇಲೆ ಒಂದು ಆಟಿಕೆ ಇಟ್ಟು ನೋಡಿ. ಬೆನ್ನಲ್ಲಿ ತೊಂದರೆ ಇರುವ ಮಗು ಸೊಂಟ ಬಗ್ಗಿಸುವುದಿಲ್ಲ. ಬೆನ್ನು ನೆಟ್ಟಗಿಟ್ಟುಕೊಂಡು ಮಂಡಿ ಮಡಚಿ ಕುಕ್ಕರಿಸಿ ಎತ್ತಿಕೊಳ್ಳುತ್ತದೆ. ಇದಕ್ಕೆ ದುಡ್ಡು ಬೇಡ. ಆಮೇಲೆ ಸಿಆರ್‌ಪಿ, ಇಎಸ್‌ಆರ್. ಅವೂ ಕಡಿಮೆ ಖರ್ಚಿನ ಪರೀಕ್ಷೆ. ಅಲ್ಲಿ ಅನುಮಾನ ಬಂದರೆ ಮಾತ್ರ ಎಂಆರ್‌ಐ.

ಒಳಗೆ ಕೀವು ಇರುವ ಬೆನ್ನನ್ನು ಗಟ್ಟಿಯಾಗಿ ತಿಕ್ಕಿ, ಎಳೆದು, ಮುರಿದು ಮಾಡಿದರೆ ಅಪಾಯ. ಕ್ಷಯ ಹಿಡಿದ ಬೆನ್ನುಮಣಿ ಮೆತ್ತಗಾಗಿರುತ್ತದೆ, ಒತ್ತಿದರೆ ಕುಸಿಯಬಹುದು. ನನ್ನ ಹೆದರಿಕೆ ಅಲ್ಲಿದೆ. ಅಜ್ಜಿಯರ ಕೈಯ ಪ್ರೀತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಹಳ್ಳಿ ಮೇಷ್ಟ್ರು, ಲಿಂಗಸುಗೂರು

ಆಟಿಕೆ ಎತ್ತಿಸಿ ನೋಡುವ ವಿಷಯ ನನಗೆ ಹೊಸದು. ನಮ್ಮ ಊರಿನ ಅಂಗನವಾಡಿ ಟೀಚರ್‌ಗೆ ಹೇಳುತ್ತೇನೆ. ಧನ್ಯವಾದ ಮೇಡಂ.

ಆಶಾ ಕಾರ್ಯಕರ್ತೆ, ಮಾನ್ವಿ ತಾಲೂಕು

ನಾನು ಒಂದು ಮಾತು ಸೇರಿಸುತ್ತೇನೆ. ಎಣ್ಣೆಗಿಂತ ಮುಂದೆ ಹೋಗಿ ಬರೆ ಹಾಕಿಸುವವರು ಈಗಲೂ ಇದ್ದಾರೆ. ನೋವಿರುವ ಜಾಗಕ್ಕೆ ಬರೆ ಹಾಕಿದರೆ ನೋವು ಹೋಗುತ್ತದೆ ಅನ್ನುವ ನಂಬಿಕೆ. ಕೈ ಮುಗಿದು ಕೇಳುತ್ತೇನೆ, ಕೂಸುಗಳಿಗೆ ಇದನ್ನು ಮಾಡಬೇಡಿ. ಸುಟ್ಟ ಗಾಯದಿಂದಲೇ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗುತ್ತದೆ. ಚರ್ಮದ ಮೇಲೆ ಇರುವ ಸ್ಟ್ಯಾಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾನೇ ಎಲುಬು, ಬೆನ್ನುಮೂಳೆಯ ಸೋಂಕಿಗೆ ದೊಡ್ಡ ಕಾರಣ ಅಂತ ನಮಗೆ ತರಬೇತಿಯಲ್ಲಿ ಡಾಕ್ಟರ್ ಹೇಳಿದ್ದರು.

ಸಿಂಧನೂರಿನ ಅಕ್ಕ, ಕ್ಷಯ ಅಂತಾನೇ ಬಂದರೂ ದುಡ್ಡಿನ ಚಿಂತೆ ಮಾಡಬೇಡಿ. ಔಷಧಿ ಸರ್ಕಾರದಿಂದ ಪೂರ್ತಿ ಉಚಿತ. ಕಫ ಅಥವಾ ಕೀವಿನ ಮಾದರಿಯಲ್ಲಿ ಕ್ಷಯದ ರೋಗಾಣು ಹುಡುಕುವ ಸಿಬಿನಾಟ್, ಟ್ರೂನಾಟ್ ಪರೀಕ್ಷೆಯೂ ಉಚಿತ. ಕ್ಷಯ ರೋಗಿಗಳ ಸರ್ಕಾರಿ ಪೋರ್ಟಲ್ ಆದ ನಿಕ್ಷಯ್‌ನಲ್ಲಿ ಹೆಸರು ದಾಖಲಾದರೆ ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲು 500 ಇತ್ತು, 2024ರ ನವೆಂಬರ್‌ನಿಂದ ಹೆಚ್ಚಾಗಿದೆ. ಕ್ಷಯದ ಸಹಾಯವಾಣಿ 1800-11-6666.

ಇನ್ನೊಂದು ವಿಷಯ. ಮನೆಯಲ್ಲಿ ದೊಡ್ಡವರಿಗೆ ಶ್ವಾಸಕೋಶದ ಕ್ಷಯ ಬಂದರೆ ಅದೇ ಮನೆಯ 5 ವರ್ಷದೊಳಗಿನ ಮಕ್ಕಳನ್ನು ಪರೀಕ್ಷಿಸಿ, ರೋಗ ಇಲ್ಲ ಅಂತ ಖಚಿತವಾದ ಮೇಲೆ ತಡೆಗಟ್ಟುವ ಔಷಧಿ ಕೊಡುತ್ತಾರೆ. ನಾವು ಮನೆಮನೆಗೆ ಹೋದಾಗ "ನಮ್ಮ ಕೂಸು ಆರಾಮಿದೆ, ಬೇಡ" ಅನ್ನುವವರೇ ಜಾಸ್ತಿ. ದಯವಿಟ್ಟು ಬೇಡ ಅನ್ನಬೇಡಿ.

ರೇಡಿಯಾಲಜಿ ಟೆಕ್ನೀಷಿಯನ್, ಹೊಸಪೇಟೆ ರಸ್ತೆ

ಎಂಆರ್‌ಐ ಬಗ್ಗೆ ತಂದೆತಾಯಿಗಳಿಗೆ ತುಂಬಾ ಭಯ ಇರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣ ಇರುವುದಿಲ್ಲ, ಅದು ಅಯಸ್ಕಾಂತದಿಂದ ನಡೆಯುವ ಯಂತ್ರ. ಆದರೆ ಅರ್ಧ ತಾಸಿಗಿಂತ ಜಾಸ್ತಿ ಹೊತ್ತು ಅಲುಗಾಡದೆ ಮಲಗಬೇಕು, ಸದ್ದೂ ವಿಪರೀತ. ಎರಡು ವರ್ಷದ ಮಗು ಹಾಗೆ ಮಲಗುತ್ತದಾ? ಅದಕ್ಕೇ ಅರಿವಳಿಕೆ ಡಾಕ್ಟರ್ ನಿದ್ದೆ ಬರಿಸುತ್ತಾರೆ. ಹೊಟ್ಟೆ ಖಾಲಿ ಇರಬೇಕು. ಊಟ ಮಾಡಿ 6 ತಾಸು, ಎದೆಹಾಲು ಕುಡಿದು 4 ತಾಸು ಆಗಿರಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಡಾಕ್ಟರ್ ಹೇಳಿದ ಹೊತ್ತನ್ನೇ ಪಾಲಿಸಿ. ಅಳುತ್ತಿದೆ ಅಂತ ಅಜ್ಜಿ ಗುಟ್ಟಾಗಿ ಬಿಸ್ಕೀಟು ಕೊಟ್ಟು, ಸ್ಕ್ಯಾನ್ ಮರುದಿನಕ್ಕೆ ಹೋದದ್ದನ್ನು ನೋಡಿದ್ದೇನೆ. ನಿದ್ದೆಯಲ್ಲಿ ವಾಂತಿ ಆದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಉಪವಾಸ ಇರುವುದು ಅದಕ್ಕೆ.

ನಮ್ಮ ಕಡೆ ಮಕ್ಕಳ ಮೈಮೇಲೆ ಏನಾದರೂ ಇದ್ದೇ ಇರುತ್ತದೆ. ಉಡಿದಾರದಲ್ಲಿ ಬೆಳ್ಳಿ, ಕಾಲಲ್ಲಿ ಕಡಗ, ಕೊರಳಲ್ಲಿ ತಾಯಿತ, ಬಟ್ಟೆಯಲ್ಲಿ ಪಿನ್ನು. ಎಲ್ಲ ಮನೆಯಲ್ಲೇ ತೆಗೆದು ಬನ್ನಿ. ತಾಯಿತದ ಒಳಗೆ ಕಬ್ಬಿಣ ಇದ್ದರೆ ಯಂತ್ರ ಎಳೆದುಬಿಡುತ್ತದೆ. ಸೋಂಕು ಹುಡುಕುವಾಗ ಬಣ್ಣದ ಔಷಧಿಯನ್ನು ನರಕ್ಕೆ ಕೊಟ್ಟು ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ಕೀವು ಎಲ್ಲಿ, ಬರೀ ಊತ ಎಲ್ಲಿ ಅನ್ನುವುದು ಆಗ ಚೆನ್ನಾಗಿ ಬೇರೆಯಾಗಿ ಕಾಣುತ್ತದೆ. ಚೀಟಿಯಲ್ಲಿ "ಕಾಂಟ್ರಾಸ್ಟ್" ಅಂತ ಬರೆದಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಮತ್ತೊಂದು ದಿನ ಮತ್ತೆ ನಿದ್ದೆ, ಮತ್ತೆ ಉಪವಾಸ.

ಯಲಬುರ್ಗಾದ ತಾಯಿ

ಮೇಡಂ ಚರ್ಮದ ತೂತಿನ ಬಗ್ಗೆ ಕೇಳಿದ್ದು ಓದಿ ಮನಸ್ಸು ತಡೆಯಲಿಲ್ಲ. ನನ್ನ ಮಗ ಹುಟ್ಟಿದಾಗ ಸೊಂಟದ ಮೇಲೆ, ಬೆನ್ನ ನಟ್ಟನಡುವೆ ಒಂದು ಸಣ್ಣ ಚುಕ್ಕಿಯಂಥ ತೂತಿತ್ತು. ಪಕ್ಕದಲ್ಲಿ ನಾಲ್ಕು ಕೂದಲು. ಮನೆಯವರೆಲ್ಲ ದೇವರು ಇಟ್ಟ ಬೊಟ್ಟು ಅಂದರು. ಆರೇಳು ತಿಂಗಳಿಗೆ ಮೆದುಳು ಜ್ವರ ಬಂತು. ಆಸ್ಪತ್ರೆಯಲ್ಲಿ ಇದ್ದು ವಾಸಿಯಾಯಿತು. ವರ್ಷ ತುಂಬುವ ಹೊತ್ತಿಗೆ ಮತ್ತೆ ಬಂತು. ಎರಡನೇ ಸಲ ನೋಡಿದ ಡಾಕ್ಟರ್ ಬಟ್ಟೆಯೆಲ್ಲ ಬಿಚ್ಚಿಸಿ, ಬೋರಲು ಮಲಗಿಸಿ ಬೆನ್ನು ನೋಡಿದರು. ಆ ತೂತಿನಿಂದ ಒಳಗಿನವರೆಗೆ ಒಂದು ಸಣ್ಣ ದಾರಿ ಇತ್ತು. ಬೆನ್ನುಹುರಿಯ ಒಳಗೆ ಕೀವು ಶುರುವಾಗಿತ್ತು. ಬೆಂಗಳೂರಿಗೆ ಕಳಿಸಿದರು, ಆಪರೇಷನ್ ಆಯಿತು. ಒಂದು ಕಾಲು ಸ್ವಲ್ಪ ಎಳೆಯುತ್ತಾನೆ, ಉಚ್ಚೆಯ ತೊಂದರೆ ಬಹಳ ದಿನ ಇತ್ತು. ಈಗ ಎಷ್ಟೋ ಸುಧಾರಿಸಿದ್ದಾನೆ.

ಮೊದಲನೇ ಸಲಕ್ಕೇ ಯಾರಾದರೂ ಬೆನ್ನು ತಿರುಗಿಸಿ ನೋಡಿದ್ದರೆ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ. ನಿಮ್ಮ ಕೂಸುಗಳ ಬೆನ್ನು ಒಮ್ಮೆ ಬೆಳಕಿನಲ್ಲಿ ನೋಡ್ರಿ.

ಮಕ್ಕಳ ವೈದ್ಯೆ, ಬಳ್ಳಾರಿ

ಯಲಬುರ್ಗಾದ ತಾಯಿ, ಇದನ್ನು ಬರೆದದ್ದಕ್ಕೆ ನಿಮಗೆ ತುಂಬಾ ಧನ್ಯವಾದ. ನಾನು ಇಡೀ ದಿನ ಬರೆದರೂ ನಿಮ್ಮ ಮಾತಿನಷ್ಟು ತಲುಪುವುದಿಲ್ಲ.

ಇದಕ್ಕೆ ಡರ್ಮಲ್ ಸೈನಸ್ ಅನ್ನುತ್ತೇವೆ. ಗರ್ಭದಲ್ಲಿ ಚರ್ಮ ಮತ್ತು ನರದ ಭಾಗ ಬೇರೆಯಾಗುವಾಗ ಒಂದು ಕಡೆ ಪೂರ್ತಿ ಬಿಡಿಸಿಕೊಳ್ಳದೆ ಸಣ್ಣ ಕೊಳವೆ ಉಳಿಯುತ್ತದೆ. ಚರ್ಮದ ಬ್ಯಾಕ್ಟೀರಿಯಾ ಅದರ ಮೂಲಕ ಒಳಗೆ ಇಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಬೆನ್ನುಹುರಿಯ ಒಳಗೆ ಕೀವು ಆದರೆ ಮೊದಲು ಹುಡುಕುವುದು ಇದನ್ನೇ. ಮೆದುಳು ಜ್ವರ ಎರಡು ಸಲ ಬಂದ ಮಗುವಿನ ಬೆನ್ನನ್ನು ಇಂಚು ಇಂಚು ನೋಡಬೇಕು. ಜ್ವರ, ಬೆನ್ನುನೋವು, ಕಾಲಿನ ಬಲ ಹೋಗುವುದು ಮೂರೂ ಒಟ್ಟಿಗೆ ಬರಲಿ ಅಂತ ಕಾಯಬಾರದು. ಆ ಮೂರೂ ಒಟ್ಟಿಗೆ ಇರುವ ಮಕ್ಕಳು ಕಡಿಮೆ.

ಹಾಗಂತ ಪ್ರತಿ ಗುಳಿಗೂ ಗಾಬರಿ ಬೇಡ. ಕುಂಡಿಯ ಸೀಳಿನ ಒಳಗೇ, ಗುದದ್ವಾರದಿಂದ ಎರಡೂವರೆ ಸೆಂಟಿಮೀಟರ್ ಅಂತರದೊಳಗೆ, ಅರ್ಧ ಸೆಂಟಿಮೀಟರ್‌ಗಿಂತ ಚಿಕ್ಕದಾಗಿ, ತಳ ಕಾಣುವಂತೆ ಇರುವ ಗುಳಿ ಎಷ್ಟೋ ಮಕ್ಕಳಿಗೆ ಇರುತ್ತದೆ. ಅದರಿಂದ ಏನೂ ತೊಂದರೆ ಇಲ್ಲ. ಅದಕ್ಕಿಂತ ಮೇಲೆ ಇದ್ದರೆ, ಕೂದಲು, ಮಚ್ಚೆ, ಗಂಟು ಜೊತೆಗಿದ್ದರೆ, ನೀರು ಒಸರಿದರೆ ತೋರಿಸಿ. ಮೊದಲ ಮೂರು ತಿಂಗಳಲ್ಲಾದರೆ ಎಲುಬು ಇನ್ನೂ ಮೆತ್ತಗಿರುವುದರಿಂದ ಅಲ್ಟ್ರಾಸೌಂಡ್‌ನಲ್ಲೇ ನೋಡಬಹುದು. ಆಮೇಲೆ ಎಂಆರ್‌ಐ ಬೇಕು. ಆ ತೂತಿಗೆ ಕಡ್ಡಿ ಹಾಕಿ ಶುಚಿ ಮಾಡಲು ಯಾವ ಕಾರಣಕ್ಕೂ ಹೋಗಬೇಡಿ. ಸೋಂಕು ಆಗುವ ಮೊದಲೇ ನ್ಯೂರೋಸರ್ಜನ್ ಆ ಕೊಳವೆಯನ್ನು ತೆಗೆದುಬಿಟ್ಟರೆ ಫಲಿತಾಂಶ ಎಷ್ಟೋ ಚೆನ್ನಾಗಿರುತ್ತದೆ.

ಅಂಗನವಾಡಿ, ಶಾಲೆಗಳಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ ಇದನ್ನು ತೋರಿಸಬಹುದು. ಹುಟ್ಟಿನಿಂದ ಬಂದ ದೋಷಗಳನ್ನು ಗುರುತಿಸಿ ಮುಂದೆ ಕಳಿಸುವುದು ಅವರ ಕೆಲಸ.

ಕುಷ್ಟಗಿ ಕುರಿಗಾರರ ಮನೆ

ನಮ್ಮ ಮನೆಯಲ್ಲಿ ಕುರಿ, ಆಡು ಇವೆ. ಮಕ್ಕಳಿಗೆ ಆಡಿನ ಹಾಲು ಹಸಿಯಾಗಿಯೇ ಕೊಡುವುದು ರೂಢಿ. ಅದರಿಂದ ಬೆನ್ನುನೋವಿನ ಜ್ವರ ಬರುತ್ತದೆ ಅಂತ ಪಶು ಡಾಕ್ಟರ್ ಹೇಳಿದರು. ಹೌದಾ?

ಮಕ್ಕಳ ವೈದ್ಯೆ, ಬಳ್ಳಾರಿ

ಹೌದು. ಅದು ಬ್ರೂಸೆಲ್ಲಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವು. ಮಕ್ಕಳಲ್ಲಿ ಹೆಚ್ಚಾಗಿ ಸೊಂಟ, ಮಂಡಿಯ ಕೀಲು ಹಿಡಿಯುತ್ತದೆ, ದೊಡ್ಡವರಲ್ಲಿ ಬೆನ್ನುಮೂಳೆ ಜಾಸ್ತಿ. ಹಾಲು ಕುದಿಸಿ ಕೊಡಿ, ಅಷ್ಟು ಸಾಕು. ಕಂದು ಹಾಕಿದ ಕುರಿಯ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಆಸ್ಪತ್ರೆಗೆ ಹೋದಾಗ "ಮನೆಯಲ್ಲಿ ಕುರಿ ಇವೆ" ಅಂತ ನೀವೇ ಹೇಳಿ. ಆ ಪರೀಕ್ಷೆಯನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕಾಗುತ್ತದೆ.

ಸಿರುಗುಪ್ಪದ ಚಿಕ್ಕಪ್ಪ

ನಮ್ಮ ಅಣ್ಣನ ಮಗನಿಗೆ ಹೋದ ತಿಂಗಳು ಎರಡೂ ಕಾಲು ಇದ್ದಕ್ಕಿದ್ದಂತೆ ಬಿದ್ದುಹೋದವು. ನೋವು ಇರಲಿಲ್ಲ. ಆರೋಗ್ಯ ಇಲಾಖೆಯವರು ಬಂದು ಮಲದ ಮಾದರಿ ತೆಗೆದುಕೊಂಡು ಹೋದರು. ಪೋಲಿಯೋ ಅಂತ ಊರೆಲ್ಲ ಸುದ್ದಿಯಾಯಿತು. ಆಸ್ಪತ್ರೆಯಲ್ಲಿ ಬೆನ್ನಿನ ನೀರು ತೆಗೆಯಬೇಕು ಅಂದಾಗ ಮನೆಯವರು ಬೇಡ ಅಂದರು. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಶಾಶ್ವತವಾಗಿ ಹೋಗುತ್ತದೆ ಅಂತ ಹೆದರಿಕೆ. ಈಗ ಸ್ವಲ್ಪ ನಡೆಯುತ್ತಿದ್ದಾನೆ. ಅದು ಸೋಂಕೇನಾ?

ಮಕ್ಕಳ ವೈದ್ಯೆ, ಬಳ್ಳಾರಿ

ಸರ್, 15 ವರ್ಷದೊಳಗಿನ ಯಾವ ಮಗುವಿಗೇ ಆಗಲಿ ಕೈಕಾಲು ಇದ್ದಕ್ಕಿದ್ದಂತೆ ಸೋತುಬಿದ್ದರೆ ಸರ್ಕಾರಕ್ಕೆ ತಿಳಿಸಬೇಕು, 24 ತಾಸಿನ ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆಯಬೇಕು. ಇದು ಪೋಲಿಯೋ ಮತ್ತೆ ಬಂದಿಲ್ಲ ಅಂತ ಖಚಿತಪಡಿಸಿಕೊಳ್ಳಲು ಇರುವ ಕ್ರಮ. ನಮ್ಮ ದೇಶದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ, 2014ರಲ್ಲಿ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಮಾದರಿ ತೆಗೆದರು ಅಂದರೆ ಪೋಲಿಯೋ ಅಂತ ಅರ್ಥ ಅಲ್ಲ.

ನೋವಿಲ್ಲದೆ ಕಾಲು ಬಿದ್ದರೆ ನರಗಳ ಕಾಯಿಲೆಯಾದ ಗಿಲನ್ ಬಾರೆ ಇರಬಹುದು, ಟ್ರಾನ್ಸ್‌ವರ್ಸ್ ಮೈಲೈಟಿಸ್ ಇರಬಹುದು. ಎರಡನೆಯದರಲ್ಲಿ ಸೋಂಕು ಬಂದು ಹೋದ ಮೇಲೆ ದೇಹದ ರಕ್ಷಣಾ ಶಕ್ತಿಯೇ ಬೆನ್ನುಹುರಿಯ ಮೇಲೆ ತಿರುಗಿ ಬೀಳುತ್ತದೆ. ಅದಕ್ಕೆ ಸ್ಟೆರಾಯ್ಡ್ ಕೊಡುತ್ತೇವೆ. ಅದೇ ಸ್ಟೆರಾಯ್ಡನ್ನು ಕೀವು ಇರುವ ಮಗುವಿಗೆ ಬರೀ ಅಂದಾಜಿನ ಮೇಲೆ ಕೊಟ್ಟರೆ ಸೋಂಕು ಹರಡುತ್ತದೆ. ಅದಕ್ಕೇ ಮೊದಲು ಎಂಆರ್‌ಐ.

ಸೂಜಿಯ ವಿಷಯ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ನೀರು ತೆಗೆಯುವುದು ಅದಕ್ಕಿಂತ ಕೆಳಗೆ, ನರದ ಎಳೆಗಳು ಮಾತ್ರ ಇರುವ ಕಡೆ. ಅದರಿಂದ ಕಾಲು ಹೋಗುತ್ತದೆ ಅನ್ನುವ ಭಯ ಬಿಡಿ. ಎಷ್ಟೋ ಸಲ ಕಾಲು ಮೊದಲೇ ಸೋತಿರುತ್ತದೆ, ಸೂಜಿ ಆಮೇಲೆ ಹಾಕಿರುತ್ತಾರೆ. ಜನ ಸೂಜಿಯಿಂದ ಆಯಿತು ಅನ್ನುತ್ತಾರೆ. ಆ ಜಾಗದಲ್ಲಿ ಕೀವು ಇರುವ ಅನುಮಾನ ಇದ್ದರೆ ನಾವೇ ಸೂಜಿ ಹಾಕುವುದಿಲ್ಲ, ಸ್ಕ್ಯಾನ್ ಆಗುವವರೆಗೆ ಕಾಯುತ್ತೇವೆ.

ಸಿಂಧನೂರಿನ ಅಮ್ಮ

ಎಲ್ಲರಿಗೂ ಸುದ್ದಿ ಹೇಳಬೇಕು. ಅಂದೇ ರಾತ್ರಿ ಹೊರಟು ಮಗಳನ್ನು ಅಡ್ಮಿಟ್ ಮಾಡಿದೆವು. ಸಿಆರ್‌ಪಿ, ಇಎಸ್‌ಆರ್ ಎರಡೂ ಏರಿದ್ದವು. ಎಂಆರ್‌ಐಯಲ್ಲಿ ಸೊಂಟದ ಮೂರು ಮತ್ತು ನಾಲ್ಕನೇ ಮಣಿಗಳ ನಡುವಿನ ಡಿಸ್ಕ್‌ನಲ್ಲಿ ಸೋಂಕು, ಪಕ್ಕದ ಸ್ನಾಯುವಿನಲ್ಲಿ ಸ್ವಲ್ಪ ಕೀವು ಕಂಡಿತು. ಬೆನ್ನುಹುರಿಗೆ ಏನೂ ಆಗಿಲ್ಲ. ಆ ಮಾತು ಕೇಳಿ ನಾನು ಅಲ್ಲೇ ಕೂತು ಅತ್ತೆ.

ಸಾಮಾನ್ಯವಾಗಿ ಇಷ್ಟು ಸಣ್ಣ ಮಕ್ಕಳಿಗೆ ಸೂಜಿ ಹಾಕದೆ ಔಷಧಿ ಶುರು ಮಾಡುತ್ತಾರಂತೆ. ಮಾವನವರ ಕ್ಷಯದ ವಿಷಯ ಹೇಳಿದ್ದರಿಂದ, ಕೀವೂ ಇದ್ದದ್ದರಿಂದ ನಿದ್ದೆ ಬರಿಸಿ ಸೂಜಿಯಲ್ಲಿ ಮಾದರಿ ತೆಗೆದರು. ಸಿಬಿನಾಟ್‌ನಲ್ಲಿ ಕ್ಷಯ ಇಲ್ಲ ಅಂತ ಬಂತು. ಕಲ್ಚರ್‌ನಲ್ಲಿ ಸ್ಟ್ಯಾಫೈಲೊಕಾಕಸ್ ಬೆಳೆಯಿತು. ಈಗ ನರಕ್ಕೆ ಆಂಟಿಬಯಾಟಿಕ್ ನಡೆಯುತ್ತಿದೆ. ಸಿಆರ್‌ಪಿ ಇಳಿಯುತ್ತಿದೆ. ನಿನ್ನೆ ಮಂಚ ಹಿಡಿದುಕೊಂಡು ತಾನೇ ನಿಂತಳು. ಅತ್ತೆ ಅವಳ ಪಕ್ಕ ಬಿಟ್ಟು ಕದಲುತ್ತಿಲ್ಲ.

ಎಷ್ಟು ದಿನ ಔಷಧಿ? ಮನೆಗೆ ಹೋದ ಮೇಲೆ ಏನು ನೋಡಬೇಕು? ಖರ್ಚಿನದೂ ಸ್ವಲ್ಪ ಹೇಳಿ.

ಮಕ್ಕಳ ವೈದ್ಯೆ, ಬಳ್ಳಾರಿ

ತುಂಬಾ ಸಂತೋಷ ತಾಯಿ. ರೋಗಾಣು ಕೈಗೆ ಸಿಕ್ಕಿದ್ದು ದೊಡ್ಡ ಅನುಕೂಲ. ಯಾವ ಔಷಧಿ ಅದಕ್ಕೆ ನಾಟುತ್ತದೆ ಅನ್ನುವುದು ಈಗ ಗೊತ್ತು. ಎಷ್ಟೋ ಮಕ್ಕಳಲ್ಲಿ ಸಿಗುವುದೇ ಇಲ್ಲ. ಆರು ತಿಂಗಳಿಂದ ನಾಲ್ಕು ವರ್ಷದ ಮಕ್ಕಳ ಗಂಟಲಲ್ಲಿ ಇರುವ ಕಿಂಗೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಕಲ್ಚರ್‌ನಲ್ಲಿ ಸುಲಭವಾಗಿ ಬೆಳೆಯುವುದಿಲ್ಲ. ಅದಕ್ಕೆ ಪಿಸಿಆರ್ ಪರೀಕ್ಷೆ ಬೇಕು.

ಒಟ್ಟು ಔಷಧಿ ಸಾಮಾನ್ಯವಾಗಿ 4ರಿಂದ 6 ವಾರ. ಮೊದಲು ನರಕ್ಕೆ, ಜ್ವರ ಇಳಿದು ಸಿಆರ್‌ಪಿ ಕಡಿಮೆಯಾದ ಮೇಲೆ ಬಾಯಿಗೆ. ನಿಮ್ಮ ಮಗಳಿಗೆ ಕೀವೂ ಇದ್ದದ್ದರಿಂದ ಅವಧಿಯನ್ನು ಅಲ್ಲಿನ ಡಾಕ್ಟರೇ ತೀರ್ಮಾನಿಸುತ್ತಾರೆ. ಮನೆಗೆ ಹೋದ ಮೇಲೆ ಮಗು ಓಡಲು ಶುರು ಮಾಡುತ್ತದೆ, ಸಿರಪ್ ಕಹಿ ಅಂತ ಉಗುಳುತ್ತದೆ, ಮನೆಯವರಿಗೂ ಸಾಕು ಅನ್ನಿಸುತ್ತದೆ. ಅಲ್ಲೇ ನಿಲ್ಲಿಸಿಬಿಡುವುದು ತುಂಬಾ ನೋಡಿದ್ದೇನೆ. ಕೊನೆಯ ದಿನದವರೆಗೆ ಕೊಡಿ. ಡಿಸ್ಕ್‌ನ ಜಾಗ ಎಕ್ಸ್‌ರೇಯಲ್ಲಿ ಮುಂದೆಯೂ ಕಿರಿದಾಗಿಯೇ ಕಾಣಬಹುದು, ಅದನ್ನು ನೋಡಿ ಹೆದರಬೇಡಿ. ಮತ್ತೆ ಜ್ವರ, ರಾತ್ರಿ ಅಳು, ಕಾಲಿನ ಸೋಲು, ಉಚ್ಚೆಯ ತೊಂದರೆ ಬಂದರೆ ಮಾತ್ರ ತಡಮಾಡದೆ ವಾಪಸ್ ಬನ್ನಿ. ಕ್ಷಯ ಇಲ್ಲ ಅಂತ ಖಚಿತವಾಗಿರುವುದರಿಂದ ಆಶಾ ಕಾರ್ಯಕರ್ತೆ ಹೇಳಿದ ತಡೆ ಔಷಧಿ ಇವಳಿಗೆ ಬೇಕಾ ಅಂತಲೂ ಅಲ್ಲೇ ಕೇಳಿ.

ಒಂದು ವೇಳೆ ಬೇರೆ ಯಾರ ಮಗುವಿಗಾದರೂ ಬೆನ್ನುಮೂಳೆಯ ಕ್ಷಯ ಬಂದರೆ ಲೆಕ್ಕ ಬೇರೆ. ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ಮುಂದುವರಿಸಿ ಒಟ್ಟು 12 ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ರಿಫಾಂಪಿಸಿನ್‌ನಿಂದ ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಕ್ತ ಅಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ತೋರಿಸಬೇಕು. ರೋಗ ವಾಸಿಯಾದ ಮೇಲೂ ಮಗು ಬೆಳೆಯುತ್ತಿದ್ದಂತೆ ಗೂನು ಹೆಚ್ಚಬಹುದು. ಆದ್ದರಿಂದ ಬೆಳವಣಿಗೆ ಮುಗಿಯುವವರೆಗೆ ಮೂಳೆ ಡಾಕ್ಟರ್‌ಗೆ ತೋರಿಸುತ್ತಲೇ ಇರಬೇಕು. ಈ ಗೂನು, ಕಾಲಿನ ಸೋಲು ಎರಡನ್ನೂ ಸೇರಿಸಿ 1779ರಲ್ಲೇ ಪರ್ಸಿವಲ್ ಪಾಟ್ ಅನ್ನುವ ಇಂಗ್ಲಿಷ್ ಸರ್ಜನ್ ಬರೆದಿಟ್ಟಿದ್ದರು. ಆಗ ಔಷಧಿ ಇರಲಿಲ್ಲ. ಈಗ ತಾಲೂಕಾಸ್ಪತ್ರೆಯಲ್ಲೇ ಸಿಗುತ್ತದೆ. ಇಷ್ಟಾದರೂ ಗೂನು ಬಿದ್ದ ಮೇಲೆ ಬರುವ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಗಂಗಾವತಿ ಅಪ್ಪ

ಖರ್ಚಿನ ವಿಷಯ ನಾನು ಹೇಳುತ್ತೇನೆ ಅಕ್ಕ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತು ಪರಿಸ್ಥಿತಿ ಬಿಟ್ಟು. ಚಿಕ್ಕ ಮಕ್ಕಳ ಹೆಸರು ರೇಷನ್ ಕಾರ್ಡಿಗೆ ಸೇರಿಸಿರುವುದಿಲ್ಲ, ಅಲ್ಲೇ ಎಲ್ಲ ನಿಲ್ಲುವುದು. ಇನ್ನೂ ಸೇರಿಸಿಲ್ಲದಿದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಜನನ ಪ್ರಮಾಣಪತ್ರ ಕೈಯಲ್ಲಿರಲಿ.

ಸಿಂಧನೂರಿನ ಅಮ್ಮ

ಅಣ್ಣ, ನಿಮಗೆ ದೇವರು ಒಳ್ಳೆಯದು ಮಾಡಲಿ. ಹೆಸರು ಸೇರಿಸಿಲ್ಲ, ನಾಳೆಯೇ ಆರೋಗ್ಯಮಿತ್ರರನ್ನು ಕಾಣುತ್ತೇವೆ. ಇನ್ನೊಂದು ಪ್ರಶ್ನೆ. ಬೆನ್ನಿಗೆ ಬೆಲ್ಟ್ ಕೊಡುತ್ತೇವೆ ಅಂದಿದ್ದಾರೆ. ಈ ಬಿಸಿಲಲ್ಲಿ ಕೂಸು ಹಾಕಿಕೊಳ್ಳುತ್ತದಾ?

ಗಂಗಾವತಿ ಅಪ್ಪ

ಮೊದಲ ಎರಡು ದಿನ ಕಿತ್ತು ಹಾಕುತ್ತದೆ, ಆಮೇಲೆ ನೋವು ಕಡಿಮೆ ಅನ್ನಿಸಿ ತಾನೇ ಕೇಳುತ್ತದೆ. ನಮ್ಮ ಮಗ ಹಾಗೇ ಮಾಡಿದ. ಒಳಗೆ ತೆಳು ಹತ್ತಿ ಬನಿಯನ್ ಹಾಕಿ, ಮಡಿಕೆ ಇರದಂತೆ ಎಳೆಯಿರಿ. ಬೆವರಿದಾಗ ಬದಲಿಸಿ. ಸ್ನಾನದ ಹೊತ್ತಿಗೆ ಬಿಚ್ಚಿದಾಗ ಚರ್ಮ ಕೆಂಪಾಗಿದೆಯಾ ನೋಡಿ, ಪೌಡರ್ ಜಾಸ್ತಿ ಹಾಕಬೇಡಿ, ಬೆವರಿಗೆ ಗಟ್ಟಿಯಾಗಿ ಇನ್ನಷ್ಟು ಉಜ್ಜುತ್ತದೆ. ಅಳತೆ ತೆಗೆಯುವಾಗ ಮಗುವನ್ನು ಕೂರಿಸಿ ನೋಡಲು ಹೇಳಿ. ನಿಂತಾಗ ಸರಿ ಇದ್ದದ್ದು ಕೂತಾಗ ತೊಡೆಗೆ ಒತ್ತುತ್ತಿತ್ತು, ಎರಡನೇ ಸಲ ಹೋಗಿ ಅಂಚು ಕತ್ತರಿಸಿಕೊಂಡು ಬಂದೆವು.